ಆಮಿನಕ್ಕನ ಎರಡೂವರೆ ಜಿಬಿ ಸಾಮ್ರಾಜ್ಯ

ಕೊಪ್ಪದ ಬಸ್ ನಿಲ್ದಾಣದಿಂದ ಕೆಳಗೆ ಇಳಿಯುವ ರಸ್ತೆಯಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಗೂ ಒಂದು ಮೊಬೈಲ್ ಅಂಗಡಿಗೂ ನಡುವೆ, ಎಂಟಡಿ ಅಗಲದ ಒಂದು ಸಾಮ್ರಾಜ್ಯವಿದೆ. ಅದರ ಪೂರ್ವದ ಗಡಿ ಪೈಪುಗಳೂ ಮೊಳೆ ಡಬ್ಬಗಳೂ. ಪಶ್ಚಿಮಕ್ಕೆ ಮೊಬೈಲ್ ಕವರುಗಳ ತೋರಣ. ಉತ್ತರಕ್ಕೆ ಗೋಡೆ, ದಕ್ಷಿಣಕ್ಕೆ ಚರಂಡಿ, ಚರಂಡಿಯ ಮೇಲೆ ಅಲುಗಾಡುವ ಒಂದು ಕಲ್ಲುಚಪ್ಪಡಿ. ಆ ಚಪ್ಪಡಿ ದಾಟಿ ಒಳಗೆ ಬಂದವರು ಎಷ್ಟೇ ದೊಡ್ಡ ಜಮೀನ್ದಾರರಾಗಿರಲಿ, ರಾಣಿಯು ತಲೆ ಎತ್ತುವ ತನಕ ಬೆಂಚಿನ ಮೇಲೆ ಕೂತಿರಬೇಕು. ಮಾತಾಡಿಸಿದರೆ ಅಕ್ಷರ ತಪ್ಪುತ್ತದೆ, ಅಕ್ಷರ ತಪ್ಪಿದರೆ ಸಂಬಂಧ ತಪ್ಪುತ್ತದೆ ಎಂಬುದು ಅಲ್ಲಿನ ಕಾನೂನು.

ರಾಣಿಯ ಹೆಸರು ಆಮಿನಾ. ವಯಸ್ಸು ಐವತ್ತಮೂರು. ಮೂರು ತಾಲ್ಲೂಕಿಗೆ ಆಮಿನಕ್ಕ. ಓದಿದ್ದು ಎಸ್ಸೆಸ್ಸೆಲ್ಸಿ, ಪಾಸಾದದ್ದು ಕನ್ನಡ ಟೈಪಿಂಗ್ ಸೀನಿಯರ್. ಒಂದು ಮದುವೆಯೂ ಆಗಿತ್ತು. ಎರಡು ವರ್ಷ ನಡೆದು ಮೂರನೆಯ ವರ್ಷ ನಿಂತುಹೋದ ಆ ಮದುವೆಯ ವಿಚಾರ ಯಾರಾದರೂ ಎತ್ತಿದರೆ, "ಅದನ್ನ ಫಾರ್ಮ್ಯಾಟ್ ಮಾಡಿಯಾಯ್ತು" ಎಂದು ಹೇಳಿ ಮುಂದಿನ ಗಿರಾಕಿಯನ್ನು ಕರೆಯುತ್ತಾಳೆ. ಬಟ್ಟೆಯ ಬ್ಯಾಗು ಹಿಡಿದು ತವರಿಗೆ ಬಂದ ದಿನ ಅವಳ ಅಬ್ಬ, ತಮ್ಮ ಹಾರ್ಡ್‌ವೇರ್ ಅಂಗಡಿಯ ಪಕ್ಕದ ಗೋದಾಮನ್ನು ತೋರಿಸಿ, "ಈ ಎಂಟಡಿ ನಿಂದು" ಎಂದಿದ್ದರು. ಬಾಯಿಮಾತು. ಕಾಗದದಲ್ಲಿ ಆ ಎಂಟಡಿಯೂ ಅದರ ಪಕ್ಕದ ಮೂವತ್ತಡಿಯೂ ಅಣ್ಣ ಅನ್ವರನ ಹೆಸರಿನಲ್ಲೇ ಉಳಿದವು.

ಈ ಸಾಮ್ರಾಜ್ಯದಲ್ಲಿ ತಯಾರಾಗುವುದು ಮದುವೆ ಕಾಗದ. ಲಗ್ನಪತ್ರಿಕೆ, ನಿಕಾಹ್ ಕಾರ್ಡು, ಗೃಹಪ್ರವೇಶ, ಉಪನಯನ, ಎಲ್ಲವೂ. ನಮ್ಮ ಕಡೆಯ ಮದುವೆ ಕಾಗದವೆಂದರೆ ಗಂಡು, ಹೆಣ್ಣು, ಮುಹೂರ್ತ ಇಷ್ಟಕ್ಕೆ ಮುಗಿಯುವ ವಸ್ತುವಲ್ಲ. ಅದರ ಪ್ರಾಣ ಇರುವುದು ಮೂರನೆಯ ಪುಟದಲ್ಲಿ, ನಿಮ್ಮ ಬರವನ್ನು ಬಯಸುವವರ ಪಟ್ಟಿಯಲ್ಲಿ. ಯಾರ ಹೆಸರು ಯಾರ ಮೇಲೆ, ಯಾರ ಹೆಸರಿನ ಪಕ್ಕದಲ್ಲಿ 'ಮತ್ತು ಮಕ್ಕಳು', ಯಾರದ್ದು ಬಿಡಿ ಹೆಸರು, ಇದೆಲ್ಲ ತೀರ್ಮಾನವಾಗಲು ಕೆಲವು ಮನೆಗಳಲ್ಲಿ ಒಂದು ತಲೆಮಾರು ಹಿಡಿದಿದೆ. ಆದ್ದರಿಂದ ಆಮಿನಕ್ಕ ತನ್ನ ಕಂಪ್ಯೂಟರಿನಲ್ಲಿ ಮನೆಗೊಂದು ಫೋಲ್ಡರ್ ಇಟ್ಟಿದ್ದಾಳೆ. ಆ ಮನೆಯ ಮುಂದಿನ ಮದುವೆ ಬಂದಾಗ ಹಳೆಯ ಪಟ್ಟಿ ತೆರೆದು ಗಟ್ಟಿಯಾಗಿ ಓದುತ್ತಾಳೆ. ತೀರಿಕೊಂಡವರು ಮೇಲಕ್ಕೆ ಹೋಗುತ್ತಾರೆ, ಹುಟ್ಟಿದವರು ಕೆಳಗೆ ಸೇರುತ್ತಾರೆ, ಮಾತು ಬಿಟ್ಟವರನ್ನು ತೆಗೆಯುವ ಮೊದಲು "ಪೂರ್ತಿ ಬಿಟ್ರಾ, ಇಲ್ಲ ಈ ವರ್ಷಕ್ಕೆ ಮಾತ್ರವಾ?" ಎಂದು ಒಮ್ಮೆ ಕೇಳುತ್ತಾಳೆ. ಈ ವರ್ಷಕ್ಕೆ ಮಾತ್ರ ಎಂದರೆ ಅಳಿಸುವುದಿಲ್ಲ, ಅಡಗಿಸಿಡುತ್ತಾಳೆ.

ಇಂಥ ನಾನೂರು ಚಿಲ್ಲರೆ ಮನೆಗಳ ವಂಶ, ವೈಮನಸ್ಯ, ರಾಜಿ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡಿರುವ ಕಂಪ್ಯೂಟರಿಗೆ ನವಾಬ ಎಂದು ಹೆಸರು. ೨೦೦೯ರಲ್ಲಿ ಶೃಂಗೇರಿಯಿಂದ ಬಸ್ಸಿನ ಟಾಪಿನಲ್ಲಿ ಕೂತು ಬಂದದ್ದು. ಅದರ ಮೈ ಬೂದುಬಣ್ಣ, ಸದ್ದು ಗಿರಣಿಯದ್ದು. ಕೆಲಸ ಮಾಡಲು ಅದಕ್ಕಿರುವ ಮೆಮೊರಿ ಒಂದೇ ಒಂದು ಜಿಬಿ, ಅದೂ ಅರ್ಧರ್ಧ ಜಿಬಿಯ ಎರಡು ಪಟ್ಟಿಗಳಾಗಿ. ಈಗಿನ ಕಾಲದ ಅಗ್ಗದ ಫೋನೊಂದು ಆಕಳಿಸುವುದಕ್ಕೂ ಅಷ್ಟು ಸಾಲುವುದಿಲ್ಲ. ಆದರೂ ನವಾಬ ಹದಿನೈದು ವರ್ಷ ಒಂದು ಮದುವೆಯನ್ನೂ ನಿಲ್ಲಿಸಿರಲಿಲ್ಲ.

ನಿಲ್ಲಿಸಿದ್ದು ಕಳೆದ ಅಕ್ಟೋಬರಿನ ಒಂದು ಮಂಗಳವಾರ.

ಅಂದು ಬೆಳಿಗ್ಗೆ ಸಿರಿಮನೆಯ ಗಣಪಯ್ಯನವರು ಎಪ್ಪತ್ತೆಂಟರ ವಯಸ್ಸಿನಲ್ಲಿ ಎರಡು ಬಸ್ಸು ಬದಲಿಸಿ, ಎಲೆಅಡಿಕೆ ಚೀಲದೊಳಗೆ ಒಂದು ಪೆನ್‌ಡ್ರೈವ್ ಇಟ್ಟುಕೊಂಡು ಬಂದರು. ಮೊಮ್ಮಗಳು ಅರ್ಪಣಾಳ ಮದುವೆ. ಮೂರನೆಯ ಪುಟಕ್ಕೆ ನೂರ ಅರವತ್ತಮೂರು ಹೆಸರು. ಅದಾದರೆ ನವಾಬನಿಗೆ ನೀರು ಕುಡಿದಷ್ಟು ಸುಲಭ. ಆದರೆ ಈ ಸಲ ಅರ್ಪಣಾ ತನ್ನ ಫೋನಿನಲ್ಲಿ ತೆಗೆದ ಹನ್ನೊಂದು ಫೋಟೊಗಳೂ ಕಾಗದದಲ್ಲಿ ಬರಬೇಕಿತ್ತು: ಮನೆ, ಮನೆಯ ಬಾಗಿಲು, ಮುತ್ತಜ್ಜನ ಕುರ್ಚಿ, ಮುತ್ತಜ್ಜ ಇಲ್ಲದ್ದರಿಂದ ಅವರ ಊರುಗೋಲು, ಹೀಗೆ.

ನಾಲ್ಕನೆಯ ಫೋಟೊ ಇಟ್ಟ ಕೂಡಲೇ ನವಾಬ ನಿಶ್ಚಲನಾದ. ಪರದೆಯ ಮೇಲೆ ಮರಳುಗಡಿಯಾರ ಒಂದು ತಿರುಗುತ್ತಲೇ ಉಳಿಯಿತು. ಆಫ್ ಮಾಡಿ ಆನ್ ಮಾಡಿದಳು. ಮತ್ತೆ ನಾಲ್ಕನೆಯದಕ್ಕೆ ನಿಂತ. ಮೂರನೆಯ ಸಲ ಊರುಗೋಲನ್ನು ಮೊದಲು ಇಟ್ಟು ನೋಡಿದಳು. ಊರುಗೋಲಿಗೇ ನಿಂತ.

ಪಕ್ಕದ ಮೊಬೈಲ್ ಅಂಗಡಿಯ ಫೈಜಲ್ ಚಹದ ಲೋಟ ಹಿಡಿದು ಬಾಗಿಲಿಗೆ ಒರಗಿದ. ಇಪ್ಪತ್ತೆಂಟರ ಹುಡುಗ, ಕೆಟ್ಟವನಲ್ಲ, ಆದರೆ ಬಾಯಿಗೆ ಕವರಿಲ್ಲ.

"ಎಂತ ಆಮಿನಕ್ಕ, ನವಾಬರು ನಿದ್ದೆ ಮಾಡಿದ್ರಾ?"

"ಯೋಚನೆ ಮಾಡ್ತಿದ್ದಾನೆ."

"ಬೆಳಿಗ್ಗೆಯಿಂದ ಯೋಚನೆ ಮಾಡ್ತಿದ್ದಾರಲ್ಲ, ಪಿಎಚ್‌ಡಿ ತಗೊಳ್ತಾರಾ? ಫೈಲ್ ಕೊಡಿ, ನನ್ನ ಹೊಸ ಕಂಪ್ಯೂಟರಲ್ಲಿ ಎರಡು ನಿಮಿಷ."

ಗಣಪಯ್ಯನವರು ಆಸೆಯಿಂದ ಎದ್ದರು. ಆಮಿನಕ್ಕ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟಳು. ಎರಡು ನಿಮಿಷವಲ್ಲ, ಒಂದೇ ನಿಮಿಷದಲ್ಲಿ ಗಣಪಯ್ಯನವರು ಚಪ್ಪಡಿ ದಾಟಿ ವಾಪಸು ಬಂದರು. ಮುಖ ಕಪ್ಪಿಟ್ಟಿತ್ತು.

"ಅಲ್ಲ ಮಾರಾಯ್ತಿ, ಅದರಲ್ಲಿ ನನ್ನ ಹೆಸರು ಇಂಗ್ಲಿಷಲ್ಲಿ ಬರ್ತದೆ. ಇಂಗ್ಲಿಷಾದ್ರೂ ಸರಿ ಇದೆಯಾ ಅಂದ್ರೆ ಒಂದೊಂದು ಅಕ್ಷರದ ತಲೆ ಮೇಲೂ ಟೋಪಿ, ಕೊಂಬು. ನಮ್ಮ ಅಪ್ಪಯ್ಯನ ಹೆಸರಂತೂ ಪೂರಾ ಚುಕ್ಕಿ."

ನವಾಬನ ಅಕ್ಷರಗಳು ಹಳೆಯ ಕಾಲದವು. ಹೊಸ ಯಂತ್ರಗಳಿಗೆ ಅವು ಅರ್ಥವಾಗುವುದಿಲ್ಲ, ನಾನೂರು ಮನೆಗಳೂ ಅಲ್ಲಿ ಟೋಪಿ ಕೊಂಬಿನ ದೊಂಬಿಯಾಗಿಬಿಡುತ್ತವೆ. ಹೊಸ ಕಂಪ್ಯೂಟರ್ ತಗೋ ಎಂದು ಊರೆಲ್ಲ ಹೇಳಿದರೂ ಆಮಿನಕ್ಕ ಕಿವಿಗೆ ಹಾಕಿಕೊಳ್ಳದ್ದಕ್ಕೆ ಇದೇ ಕಾರಣ.

"ಹೊಸದಾಗಿ ಟೈಪ್ ಮಾಡಿದ್ರಾಯ್ತಲ್ಲ ಅಯ್ಯ," ಎಂದ ಫೈಜಲ್.

"ಟೈಪಾ?" ಗಣಪಯ್ಯನವರು ಪೆನ್‌ಡ್ರೈವನ್ನು ಚೀಲಕ್ಕೆ ಹಾಕಿಕೊಂಡರು. "ಆ ಹೆಸರುಗಳನ್ನ ಅದೇ ಸಾಲಿನಲ್ಲಿ ಕೂರಿಸೋಕೆ ಮೂರು ಮದುವೆ, ಎರಡು ಉಪನಯನ ಬೇಕಾಯ್ತು ಮಾಣಿ. ಒಂದು ಸಲ ಒಬ್ಬರ ಹೆಸರು ಒಂದು ಸಾಲು ಕೆಳಗೆ ಹೋಗಿ, ಅವರು ನಾಲ್ಕು ವರ್ಷ ನಮ್ಮನೇಲಿ ನೀರು ಮುಟ್ಟಲಿಲ್ಲ."

ಇಷ್ಟರಲ್ಲಿ ಅನ್ವರ್ ಬಂದ. ಅರವತ್ತು ವರ್ಷದ ಗಂಭೀರ ಮನುಷ್ಯ, ಕಿವಿಯ ಮೇಲೆ ಪೆನ್ಸಿಲು. ತಂಗಿಯ ಮೇಲೆ ಪ್ರೀತಿ ಇದೆ, ಆ ಎಂಟಡಿಯ ಮೇಲೆ ಅದಕ್ಕಿಂತ ಸ್ವಲ್ಪ ಹೆಚ್ಚು. ನಡುವಿನ ಗೋಡೆ ಒಡೆದರೆ ಅವನ ಬಾಡಿಗೆದಾರ ಫೈಜಲನ ಅಂಗಡಿ ದೊಡ್ಡದಾಗುತ್ತದೆ, ಬಾಡಿಗೆಯೂ ದೊಡ್ಡದಾಗುತ್ತದೆ ಎಂಬ ಮಾತು ಎರಡು ವರ್ಷದಿಂದ ನಡೆದಿತ್ತು. ಅನ್ವರ್ ಮರಳುಗಡಿಯಾರವನ್ನು ನೋಡಿದ.

"ಆಮಿನಾ, ಇದು ಸತ್ತಿದೆ."

"ಉಸಿರಾಡ್ತಿದೆ ಭಾಯಿ. ಫ್ಯಾನ್ ತಿರುಗ್ತಿದೆ ನೋಡಿ."

"ಈ ಸಲ ಇವರ ಕಾಗದ, ನಾಳೆ ಇನ್ನೊಬ್ಬರದ್ದು. ಯಂತ್ರಕ್ಕೂ ವಯಸ್ಸಾಯ್ತು, ನಿಂಗೂ ಆಯ್ತು. ಗೋಡೆ ತೆಗೆದುಬಿಡೋಣ. ನೀನು ಮನೇಲಿ ಆರಾಮಾಗಿರು."

"ಮನೇಲಿ ಅತ್ತಿಗೆ ಇದ್ದಾರಲ್ಲ, ಆ ಆರಾಮು ಮೊದ್ಲು ಅವರಿಗೆ ಸಿಗ್ಲಿ."

ಫೈಜಲ್ ಚಹದಲ್ಲೇ ನಕ್ಕು ಕೆಮ್ಮಿದ. ಅನ್ವರನ ಮುಖ ಬಿಗಿದುಕೊಂಡಿತು. "ಹಾಗಾದ್ರೆ ಹೇಳು, ಇವರ ಕಾಗದ ಯಾವಾಗ ಕೊಡ್ತೀಯ?"

ಆಗ ಆಮಿನಕ್ಕ ಒಂದು ಕೆಲಸ ಮಾಡಿದಳು. ಬೀಗದ ಕೀಲಿಯನ್ನು, ಕೆಂಪು ದಾರ ಕಟ್ಟಿದ ಒಂಟಿ ಕೀಲಿಯನ್ನು, ಮೇಜಿನ ಮೇಲೆ ಟಪ್ ಎಂದು ಇಟ್ಟಳು.

"ಶುಕ್ರವಾರ ಮಧ್ಯಾಹ್ನ ಜುಮ್ಮಾ ಆಜಾನ್ ಆಗೋದರ ಒಳಗೆ ಇವರ ಕಾಗದದ ಮೊದಲ ಪ್ರೂಫು ಇವರ ಕೈಲಿರ್ತದೆ. ಹನ್ನೊಂದು ಫೋಟೊ, ನೂರ ಅರವತ್ತಮೂರು ಹೆಸರು. ಇಲ್ಲದಿದ್ರೆ ಈ ಕೀಲಿ ನಿಮ್ಮ ಕೈಲಿ. ಗೋಡೆಗೆ ಮೊದಲ ಏಟು ನಾನೇ ಹಾಕ್ತೀನಿ, ಸುತ್ತಿಗೆ ನಿಮ್ಮ ಅಂಗಡೀದೆ ಕೊಡಿ."

ಅನ್ವರ್ ಕೀಲಿಯನ್ನು ನೋಡಿದ, ತಂಗಿಯನ್ನು ನೋಡಿದ. "ಸಾಕ್ಷಿ ಇದ್ದಾರೆ," ಎಂದು ಗಣಪಯ್ಯನವರ ಕಡೆ ತಲೆ ಆಡಿಸಿ ಹೋದ. ಗಣಪಯ್ಯನವರು ಈ ಯುದ್ಧದಲ್ಲಿ ತಾವು ಯಾವ ಪಕ್ಷ ಎಂಬುದು ತಿಳಿಯದೆ ಒಂದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡರು.

"ಅದಕ್ಕೆ ಎಂತ ಆಗಿದೆ ಮಾರಾಯ್ತಿ, ನಿಜ ಹೇಳು," ಎಂದರು.

"ನಿಮ್ಮನೆ ಅಡುಗೆಮನೆ ನೆನಪು ಮಾಡ್ಕೊಳ್ಳಿ. ಅಟ್ಟದಲ್ಲಿ ಡಬ್ಬ ಎಷ್ಟು ಬೇಕಾದ್ರೂ ಇದೆ. ಆದ್ರೆ ಹೆಚ್ಚೋದಕ್ಕೆ ಇರೋ ಕಟ್ಟೆ ಒಂದೇ ಒಂದು ಮೊಳ. ಅದರ ಮೇಲೆ ಹನ್ನೊಂದು ಹಲಸಿನಹಣ್ಣು ತಂದಿಟ್ರೆ ಎಂತ ಮಾಡ್ಬೇಕು ಅದು? ಮೆಮೊರಿ ಅಂದ್ರೆ ಆ ಕಟ್ಟೆ. ಅದು ಉದ್ದ ಆಗ್ಬೇಕು, ಅಷ್ಟೇ."

ದಿಗ್ವಿಜಯ ಬುಧವಾರ ಬೆಳಿಗ್ಗೆ ಆರಂಭವಾಯಿತು. ಆಯುಧ: ಒಂದು ಸ್ಟಾರ್ ಸ್ಕ್ರೂಡ್ರೈವರ್. ಹದಿನೈದು ವರ್ಷದಲ್ಲಿ ನವಾಬನ ಹೊಟ್ಟೆ ತೆರೆದವರೆಲ್ಲ ಬೇರೆಯವರು, ಆಮಿನಕ್ಕ ಪಕ್ಕದಲ್ಲಿ ನಿಂತು ನೋಡಿದವಳು ಮಾತ್ರ. ನೋಡಿದ್ದನ್ನು ಮರೆಯುವ ಜಾತಿಯಲ್ಲ ಅವಳದ್ದು. ವೈರು ಕಿತ್ತಳು. ಒಳಗೆ ಉಳಿದ ಕರೆಂಟು ಹೋಗಲೆಂದು ಪವರ್ ಬಟನ್ ಒತ್ತಿ ಹಿಡಿದಳು. ಪಕ್ಕದ ತಗಡು ಬಿಚ್ಚಿದಳು. ಬಣ್ಣ ಬಳಿಯುವ ಬ್ರಷ್ಷಿನಿಂದ ಧೂಳು ಗುಡಿಸಿದಾಗ ಎರಡು ಹಲ್ಲಿಮೊಟ್ಟೆಯ ಸಿಪ್ಪೆ, ಒಂದು ಗುಂಡುಪಿನ್ನು, ೨೦೧೪ರಲ್ಲಿ ಕಳೆದುಹೋಗಿದ್ದ ಒಂದು ಕಿವಿಯೋಲೆಯ ತಿರುಪು ಸಿಕ್ಕವು. ಕೊನೆಗೆ ಕಂಡವು, ಒಂದು ಗೇಣು ಉದ್ದದ ಎರಡು ಹಸಿರು ಪಟ್ಟಿಗಳು, ಕೆಳಅಂಚಿಗೆ ಸಾಲಾಗಿ ಚಿನ್ನದ ಬಣ್ಣದ ಹಲ್ಲು. ಎರಡೂ ತುದಿಯ ಬಿಳಿ ಚಿಲಕಗಳನ್ನು ಹೊರಕ್ಕೆ ಒತ್ತಿದಾಗ ಪಟ್ಟಿ ತಾನಾಗಿ ಮೇಲೆದ್ದಿತು. ಒಂದನ್ನು ಕರವಸ್ತ್ರದಲ್ಲಿ ಸುತ್ತಿ, ಬ್ಯಾಗಿಗೆ ಹಾಕಿ, ಬುರ್ಖಾ ಸರಿಮಾಡಿಕೊಂಡು ಹೊರಟಳು.

ಕೊಪ್ಪದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವಾತ ಪಟ್ಟಿಯನ್ನು ಬೆಳಕಿಗೆ ಹಿಡಿದು, "ಅಕ್ಕ, ಇದು ಮ್ಯೂಸಿಯಮ್ಮಿಗೆ ಕೊಡೋದು," ಎಂದ. ಆನ್‌ಲೈನಿನಲ್ಲಿ ಸಿಗುತ್ತದೆ, ಆದರೆ ಬರುವುದು ಮುಂದಿನ ಬುಧವಾರ. ನರಸಿಂಹರಾಜಪುರದ ಬಸ್ಸು ಹತ್ತಿದಳು. ಶೆಟ್ಟಿಕೊಪ್ಪದಲ್ಲಿ ಹತ್ತಿದ ಒಬ್ಬ ಹೆಂಗಸು ಮಗಳ ಸೀಮಂತದ ಕಾಗದದ ವಿಷಯ ತೆಗೆದಾಗ, "ಶುಕ್ರವಾರ ಆದ್ಮೇಲೆ ಬನ್ನಿ, ಇದ್ರೆ ಮಾಡಿಕೊಡ್ತೀನಿ," ಎಂದಳು. ಆ 'ಇದ್ರೆ' ಬಾಯಿಂದ ಹೊರಬಿದ್ದ ಮೇಲೆ ಉಳಿದ ದಾರಿಯೆಲ್ಲ ಕಿಟಕಿಯ ಕಡೆ ತಿರುಗಿ ಕೂತಳು.

ನರಸಿಂಹರಾಜಪುರದ ಅಂಗಡಿಯವನ ಬಳಿ ಪಟ್ಟಿ ಇತ್ತು. ಉದ್ದ ಅಷ್ಟೇ, ಬಣ್ಣ ಅದೇ. ಆಮಿನಕ್ಕ ತನ್ನದನ್ನು ತೆಗೆದು ಪಕ್ಕದಲ್ಲಿಟ್ಟಳು. ಹಲ್ಲಿನ ಸಾಲಿನ ನಡುವೆ ಇರುವ ಕಚ್ಚು ಅವನದ್ದರಲ್ಲಿ ಸ್ವಲ್ಪ ಆಚೆಗಿತ್ತು.

"ಇದು ಬೇರೆ ಜಾತೀದು. ಕೂರೋದಿಲ್ಲ."

"ಸ್ವಲ್ಪ ಜೋರಾಗಿ ಒತ್ತಿ ಮೇಡಂ, ಕೂರ್ತದೆ."

"ಒತ್ತಿದ್ರೆ ಕೂರೋದಕ್ಕೆ ಇದೇನು ಬಾಳೆಹೊನ್ನೂರು ಬಸ್ಸಾ?"

ಅಲ್ಲಿಂದ ಕೊಪ್ಪಕ್ಕೆ ವಾಪಸು, ಕೊಪ್ಪದಿಂದ ಶೃಂಗೇರಿಗೆ. ಒಂದು ದಿನಕ್ಕೆ ಮೂರು ತಾಲ್ಲೂಕು ಸುತ್ತಿದ ರಾಣಿಗೆ ಮಧ್ಯಾಹ್ನದ ಊಟ ಎರಡು ಬಾಳೆಹಣ್ಣು. ಶೃಂಗೇರಿಯಲ್ಲಿ ಒಂದು ಮಹಡಿಯ ಮೆಟ್ಟಿಲಿನ ಕೆಳಗೆ ಕರಿಯಣ್ಣನ ರಿಪೇರಿ ಅಂಗಡಿ. ನವಾಬನನ್ನು ೨೦೦೯ರಲ್ಲಿ ಅವಳಿಗೆ ಮಾರಿದವನೇ ಈ ಕರಿಯಣ್ಣ. ಅವನು ಪಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಇದು ಇನ್ನೂ ಓಡ್ತಾ ಇದೆಯಾ ಆಮಿನಕ್ಕ?"

"ಮೊನ್ನೆವರೆಗೂ ಓಡ್ತು. ನಾಡಿದ್ದು ಓಡದಿದ್ರೆ ನಾನು ಓಡ್ಬೇಕು."

ಕರಿಯಣ್ಣ ತಲೆ ಕೆರೆದುಕೊಂಡ. ಅವನ ಹತ್ತಿರ ಇಲ್ಲ. ಆದರೆ ಆ ವರ್ಷ ತಂದದ್ದು ಅಂಥ ಎರಡೇ ಕಂಪ್ಯೂಟರು ಎಂಬುದು ಅವನಿಗೆ ನೆನಪಿತ್ತು. ಒಂದು ಆಮಿನಕ್ಕನಿಗೆ. ಇನ್ನೊಂದು ಸಿರಿಮನೆಗೆ. ಅಲ್ಲಿನ ಹುಡುಗ ಈಶಾನ, ಕಾರ್ ರೇಸ್ ಆಟಕ್ಕೆ ಇದ್ದ ಮೆಮೊರಿ ಸಾಲುವುದಿಲ್ಲವೆಂದು ಹಟಮಾಡಿ ಎರಡೆರಡು ಜಿಬಿಯ ಎರಡು ಪಟ್ಟಿ ಹಾಕಿಸಿದ್ದ. ಎರಡು ವರ್ಷದ ಮೇಲೆ ಸಿಡಿಲು ಬಡಿದು ಮುಖ್ಯ ಬೋರ್ಡು ಸುಟ್ಟಿತು.

"ಮೆಮೊರಿ ಉಳಿದಿತ್ತಾ ಇಲ್ವಾ ನೋಡ್ಲಿಲ್ಲ. ಪೂರಾ ಪೆಟ್ಟಿಗೆ ವಾಪಸು ಕೊಟ್ಟೆ."

"ಸಿರಿಮನೇಲಿ ಯಾರ ಮನೆಗೆ?"

"ಗಣಪಯ್ಯನೋರ ಮನೆಗೆ."

ಆಮಿನಕ್ಕ ಅಲ್ಲಿಂದಲೇ ಫೋನು ಮಾಡಿದಳು. ತನ್ನ ಬೆಂಚಿನ ಮೇಲೆ ಅರ್ಧ ದಿನ ಕೂತು ಅಡಿಕೆ ಅಗಿದು ಹೋದ ಮನುಷ್ಯನ ಮನೆಯಲ್ಲೇ ಮದ್ದು ಇತ್ತು.

"ಕಂಪ್ಯೂಟರಾ? ನಮ್ಮನೇಲಿ ಎಂತ ಕಂಪ್ಯೂಟರು?" ಎಂದರು ಗಣಪಯ್ಯನವರು. ಹಿಂದಿನಿಂದ ಅವರ ಹೆಂಡತಿ ಸುಬ್ಬಮ್ಮನವರ ದನಿ ಕೇಳಿತು: "ಅದು ಉಂಟು. ನಾನು ಜೋಪಾನ ಮಾಡಿ ಇಟ್ಟಿದ್ದೇನೆ. ನಾಳೆ ಬರಲಿ ಹೇಳಿ."

ಗುರುವಾರ ಕಿಗ್ಗದವರೆಗೆ ಬಸ್ಸು, ಅಲ್ಲಿಂದ ಗಣಪಯ್ಯನವರ ಜೀಪು. ಸುಬ್ಬಮ್ಮನವರು ಆಮಿನಕ್ಕನನ್ನು ನೇರ ಅಡುಗೆಮನೆಗೆ ಕರೆದುಕೊಂಡು ಹೋಗಿ ಒಲೆಯ ಮೇಲಿನ ಅಟ್ಟಕ್ಕೆ ಏಣಿ ಇಟ್ಟರು. ಮಳೆಗಾಲದ ನಾಲ್ಕು ತಿಂಗಳು ನಮ್ಮ ಕಡೆ ಚಪ್ಪಲಿಯಿಂದ ಮದುವೆ ಸೀರೆಯವರೆಗೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಕೆಡಬಾರದ ವಸ್ತು ಯಾವುದೇ ಇರಲಿ, ಅದರ ಜಾಗ ಒಲೆಯ ಮೇಲಿನ ಅಟ್ಟ. ಹೊಗೆ ತಾಗಿದ್ದಕ್ಕೆ ಹುಳವಿಲ್ಲ, ಬೂಷ್ಟಿಲ್ಲ. ಬಿತ್ತನೆಯ ಸೌತೆಬೀಜ, ಹಪ್ಪಳದ ಡಬ್ಬ, ಉಪ್ಪು ಕಟ್ಟಿದ ಬಟ್ಟೆ, ಇವುಗಳ ಪಕ್ಕದಲ್ಲಿ ಗೋಣಿ ಸುತ್ತಿದ ಒಂದು ಪೆಟ್ಟಿಗೆ ಕೂತಿತ್ತು.

"ಹದಿಮೂರು ವರ್ಷದಿಂದ ದಿನಾ ಹೊಗೆ ಕೊಟ್ಟಿದ್ದೇನೆ," ಎಂದರು ಸುಬ್ಬಮ್ಮನವರು. "ಒಂದು ಚೂರು ಬೂಷ್ಟು ತೋರಿಸಿಬಿಡು ನೋಡುವ."

ಬೂಷ್ಟು ಇರಲಿಲ್ಲ. ಗೋಣಿ ಬಿಚ್ಚಿದಾಗ, ಒಂದು ಕಾಲಕ್ಕೆ ಬೂದುಬಣ್ಣವಾಗಿದ್ದ ಕಂಪ್ಯೂಟರು ಹಳೆಯ ಕಾವಲಿಯ ಬಣ್ಣ ತಳೆದು ಹೊಳೆಯುತ್ತಿತ್ತು. ಆಮಿನಕ್ಕ ಸ್ಕ್ರೂ ಬಿಚ್ಚಿ, ಚಿಲಕ ಒತ್ತಿ, ಎರಡು ಪಟ್ಟಿಗಳನ್ನು ಹೊರತೆಗೆದಳು. ಕಚ್ಚು ತನ್ನ ಪಟ್ಟಿಯ ಕಚ್ಚಿಗೆ ಸರಿಯಾಗಿ ಹೊಂದಿತು. ಅದನ್ನು ನೋಡಿದ ಸಂತೋಷದಲ್ಲಿ ಬೇರೆ ಏನನ್ನೂ ನೋಡಲಿಲ್ಲ. ತಪ್ಪಾದದ್ದು ಅಲ್ಲೇ.

"ಸಿಡಿಲು ಹೊಡೆದದ್ದು ಬದುಕಿರ್ತದಾ?" ಎಂದರು ಗಣಪಯ್ಯನವರು.

"ಬದುಕಿದ್ರೆ ಕಾಗದ. ಇಲ್ದಿದ್ರೆ ಗೋಡೆ."

"ಎಂತ ಗೋಡೆ?" ಎಂದು ಸುಬ್ಬಮ್ಮನವರು ಕೇಳಿದರು. ಗಣಪಯ್ಯನವರು ಎಲ್ಲ ಹೇಳಿದರು. ಸುಬ್ಬಮ್ಮನವರು ಒಳಗೆ ಹೋಗಿ ಒಂದು ಪೊಟ್ಟಣ ಹಪ್ಪಳ ತಂದು ಆಮಿನಕ್ಕನ ಬ್ಯಾಗಿಗೆ ತುರುಕಿದರು. "ನಾಳೆ ಇವರನ್ನ ಕಳಿಸ್ತೇನೆ. ಇವರು ಅಲ್ಲಿ ಸುಮ್ಮನೆ ಕೂರೋದಲ್ಲ ಕೂಸು, ನಿನ್ನ ಕಡೆಗೆ ಕೂರ್ಬೇಕು ಹೇಳಿ ಕಳಿಸ್ತೇನೆ." ಐವತ್ತಮೂರು ವರ್ಷದ ಕೂಸು ಜೀಪು ಹತ್ತಿತು.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ರಣರಂಗ ಸಿದ್ಧವಾಯಿತು. ಗಣಪಯ್ಯನವರು ಹೆಂಡತಿಯ ಆಜ್ಞೆಯಂತೆ ಆಮಿನಕ್ಕನ ಕಡೆಗೆ, ಅಂದರೆ ಬೆಂಚಿನ ಎಡತುದಿಗೆ ಕೂತರು. ಫೈಜಲ್ ಎಂದಿನ ಹಾಗೆ ಬಾಗಿಲಿಗೆ ಒರಗಿದ. ಅನ್ವರ್ ಒಳಗೆ ಬರಲಿಲ್ಲ, ತನ್ನ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು, ಕಾಣುವಷ್ಟು ದೂರದಲ್ಲಿ ಕೂತ. ಕೆಂಪು ದಾರದ ಕೀಲಿ ಮತ್ತೆ ಮೇಜಿನ ಮೇಲೆ ಬಂದು ಕೂತಿತ್ತು.

ಆಮಿನಕ್ಕ ಬರಿಗೈಯಿಂದ ನವಾಬನ ತಗಡನ್ನು ಒಮ್ಮೆ ಮುಟ್ಟಿದಳು. ಮೈಯಲ್ಲಿರುವ ಕರೆಂಟು ಪಟ್ಟಿಗೆ ಹೊಡೆಯದಿರಲಿ ಎಂದು ಹಾಗೆ ಮುಟ್ಟಬೇಕೆಂಬುದನ್ನು ಅವಳು ಕರಿಯಣ್ಣನನ್ನು ನೋಡಿ ಕಲಿತದ್ದು. ಹಳೆಯ ಎರಡೂ ಪಟ್ಟಿ ತೆಗೆದಳು. ಸಿರಿಮನೆಯ ಎರಡು ಪಟ್ಟಿಗಳನ್ನು ಕಚ್ಚು ನೋಡಿ ಇಟ್ಟು, ಎರಡು ಹೆಬ್ಬೆರಳಿನಿಂದ ಒತ್ತಿದಳು. ಚಿಲಕ ಟಿಕ್, ಟಿಕ್ ಎಂದು ತಾವೇ ಮುಚ್ಚಿಕೊಂಡವು. ವೈರು ಹಾಕಿದಳು. ಬಿಸ್ಮಿಲ್ಲಾ ಎಂದು ಬಟನ್ ಒತ್ತಿದಳು.

ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಇತ್ತು. ನವಾಬ ಕೂಗಿದ. ಒಂದು ಉದ್ದ ಕೂಗು, ಮತ್ತೆ ಒಂದು, ಮತ್ತೆ ಒಂದು. ನಿಲ್ಲಿಸದೆ ಕೂಗಿದ.

"ಮೆಮೊರಿ ಇಲ್ಲ ಅಂತಿದೆ," ಎಂದ ಫೈಜಲ್. "ಸಿಡಿಲಿಗೆ ಹೋಗಿದೆ ಆಮಿನಕ್ಕ. ಎರಡೂ ಹೋಗಿದೆ."

ದೂರದಿಂದ ಅನ್ವರ್ ಕುರ್ಚಿಯಿಂದ ಎದ್ದ. ಗಣಪಯ್ಯನವರು ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

ಆಮಿನಕ್ಕ ಆಫ್ ಮಾಡಿ, ತೆಗೆದು, ಮತ್ತೆ ಹಾಕಿದಳು. ಮತ್ತೆ ಕೂಗು. ಜಾಗ ಅದಲುಬದಲು ಮಾಡಿದಳು. ಅದೇ ಕೂಗು. ಗಂಟೆ ಹತ್ತೂಮುಕ್ಕಾಲು. ಅನ್ವರ್ ಈಗ ಚಪ್ಪಡಿಯ ಮೇಲೆ ನಿಂತಿದ್ದ, ಚಪ್ಪಡಿ ಅಲುಗಾಡಿತು. ಅವನ ಕಣ್ಣು ಕೀಲಿಯ ಮೇಲಿತ್ತು.

"ಸಾಕು ಆಮಿನಾ. ಪ್ರಯತ್ನ ಮಾಡಿದೆ, ಊರೇ ನೋಡಿತು."

"ಆಜಾನ್ ಆಯ್ತಾ?"

"ಇಲ್ಲ."

"ಹಾಗಾದ್ರೆ ಚಪ್ಪಡಿ ಇಳೀರಿ ಭಾಯಿ, ಬೆಳಕು ಬಿಡಿ."

ಬೆಳಕು ಬಂತು. ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದಳು. ಆಗ ಮೂಗಿಗೆ ಒಂದು ವಾಸನೆ ಬಡಿಯಿತು. ಹಪ್ಪಳದ ಪೊಟ್ಟಣದ್ದೇ ವಾಸನೆ. ಹೊಗೆ. ಆಮಿನಕ್ಕ ಪಟ್ಟಿಯನ್ನು ಮೂಸಿದಳು. ಫೈಜಲನ ಮೂಗಿಗೂ ಹಿಡಿದಳು.

"ಎಂತ ವಾಸನೆ?"

"ಅಡುಗೆಮನೆ."

"ಇವತ್ತಿನದ್ದಲ್ಲ. ಹದಿಮೂರು ವರ್ಷದ್ದು. ಇದರ ಹಲ್ಲು ನೋಡು, ಚಿನ್ನ ಎಲ್ಲಿದೆ? ಕಿಟ್ಟ ಕಟ್ಟಿ ಕೂತಿದೆ. ಸುಬ್ಬಮ್ಮೋರು ಬೂಷ್ಟು ಬರದ ಹಾಗೆ ಕಾದರು, ಕಾದು ಕಾದು ಮಸಿ ಹತ್ತಿಸಿದ್ರು. ಸತ್ತಿಲ್ಲ ಇದು. ಹಲ್ಲು ಉಜ್ಜಿಲ್ಲ, ಅಷ್ಟೇ."

ಮೇಜಿನ ಡ್ರಾಯರಿನಲ್ಲಿ ಶಾಲೆಯ ಮಕ್ಕಳು ಉಜ್ಜುವ ಬಿಳಿ ರಬ್ಬರು ಒಂದಿತ್ತು, ಪ್ರೂಫಿನ ಪೆನ್ಸಿಲ್ ಗೆರೆ ಅಳಿಸುವುದಕ್ಕೆ. ಪಟ್ಟಿಯನ್ನು ಮೇಜಿನ ಮೇಲೆ ಮಲಗಿಸಿ, ಹಲ್ಲಿನ ಸಾಲನ್ನು ಒಂದೇ ದಿಕ್ಕಿಗೆ ಮೆತ್ತಗೆ ಉಜ್ಜತೊಡಗಿದಳು. ರಬ್ಬರು ಕಪ್ಪಾಯಿತು. ಕಪ್ಪಾದ ಭಾಗವನ್ನು ಬ್ಲೇಡಿನಿಂದ ಕೊಯ್ದು ಮತ್ತೆ ಉಜ್ಜಿದಳು. ಹದಿಮೂರು ವರ್ಷದ ಸಾರು, ಪಲ್ಯ, ಹಂಡೆನೀರು ಒಂದೊಂದಾಗಿ ಬಿಟ್ಟವು. ಗಣಪಯ್ಯನವರು ತಮ್ಮ ಮನೆಯ ಹೊಗೆಯನ್ನು ಹೀಗೆ ಬಹಿರಂಗವಾಗಿ ಉಜ್ಜುವುದನ್ನು ನೋಡಿ ಸ್ವಲ್ಪ ಸಂಕೋಚಪಟ್ಟರು.

ಮೊದಲನೆಯ ಪಟ್ಟಿ ಹಾಕಿದಳು. ನವಾಬ ಕೂಗಿದ.

"ಅದನ್ನ ಸಿಡಿಲು ತಗೊಂಡಿದೆ," ಎಂದು ಅದನ್ನು ಪಕ್ಕಕ್ಕಿಟ್ಟಳು. ಅವಳ ದನಿ ಏರಲಿಲ್ಲ. ಆದರೆ ಎರಡನೆಯ ಪಟ್ಟಿ ಎತ್ತಿಕೊಳ್ಳುವ ಮೊದಲು ಅವಳು ಕೀಲಿಯ ಕಡೆ ಒಮ್ಮೆ ನೋಡಿದ್ದನ್ನು ಫೈಜಲ್ ಗಮನಿಸಿದ. ಅವನು ಚಹದ ಲೋಟ ಕೆಳಗಿಟ್ಟು, ತನ್ನ ಅಂಗಡಿಗೆ ಹೋಗಿ, ಫೋನುಗಳಿಗೆ ಬಳಸುವ ಮೆತ್ತನೆಯ ಬಟ್ಟೆಯೊಂದನ್ನು ತಂದುಕೊಟ್ಟ. ವೈರಿಪಾಳಯದಿಂದ ಬಂದ ಆ ಬಟ್ಟೆಯನ್ನು ಆಮಿನಕ್ಕ ತೆಗೆದುಕೊಂಡಳು. ಉಜ್ಜಿದಳು. ಒರೆಸಿದಳು. ತಿರುಗಿಸಿ ಹಿಂಬದಿಯ ಹಲ್ಲನ್ನೂ ಉಜ್ಜಿದಳು. ಹಲ್ಲು ಒಂದೊಂದಾಗಿ ಹೊಳೆದವು. ಪಟ್ಟಿ ಕೂರಿಸಿ, ಅದರ ಪಕ್ಕದ ಖಾಲಿ ಜಾಗಕ್ಕೆ ತನ್ನ ಹಳೆಯ ಅರ್ಧ ಜಿಬಿಯ ಪಟ್ಟಿಗಳಲ್ಲಿ ಒಂದನ್ನು ಇಟ್ಟು ಒತ್ತಿದಳು. ಟಿಕ್. ಟಿಕ್.

ಬಟನ್.

ಒಂದೇ ಒಂದು ಗಿಡ್ಡ ಸದ್ದು. ನವಾಬ ಗಂಟಲು ಸರಿಮಾಡಿಕೊಂಡಷ್ಟು. ಪರದೆ ಬೆಳಗಿತು, ಬಿಳಿ ಅಂಕಿಗಳು ಸರಸರನೆ ಏರಿ ನಿಂತವು.

"ಎಷ್ಟು?" ಎಂದರು ಗಣಪಯ್ಯನವರು, ಹೊಸ ಕರುವಿನ ತೂಕ ಕೇಳುವವರಂತೆ.

"ಎರಡೂವರೆ," ಎಂದ ಫೈಜಲ್. ಎದುರಾಳಿ ಎಂಬುದನ್ನು ಮರೆತು ಅವನೇ ಮೇಜಿಗೆ ಒಂದು ಗುದ್ದು ಕೊಟ್ಟ.

ಮನೆ ಬಂತು. ಬಾಗಿಲು ಬಂತು. ಕುರ್ಚಿ ಬಂತು. ಊರುಗೋಲಿಗೆ ಎಲ್ಲರೂ ಉಸಿರು ಹಿಡಿದರು. ಊರುಗೋಲೂ ಬಂತು. ಹನ್ನೊಂದನೆಯ ಫೋಟೊ ಕೂತಾಗ ಹನ್ನೊಂದು ಮುಕ್ಕಾಲು. ಕಾಗದಕ್ಕೆ ಬೂಷ್ಟು ಹಿಡಿಯದಿರಲೆಂದು ಜೀರೊ ಬಲ್ಬು ಉರಿಸಿಟ್ಟ ಕಪಾಟಿನಿಂದ ದಪ್ಪ ಹಾಳೆ ತೆಗೆದು ಪ್ರಿಂಟರಿಗೆ ಇಟ್ಟಳು. ಬಿಸಿಬಿಸಿ ಪ್ರೂಫು ಗಣಪಯ್ಯನವರ ಕೈಗೆ ಹೋಯಿತು.

ಗಣಪಯ್ಯನವರು ಕನ್ನಡಕ ಹಾಕಿ, ಮೂರನೆಯ ಪುಟ ತೆರೆದು, ಬೆರಳಿಟ್ಟು, ಮೊದಲ ಹೆಸರಿನಿಂದ ಓದತೊಡಗಿದರು. ಒಬ್ಬೊಬ್ಬರ ಹೆಸರಿಗೂ ಅವರ ಸಂಬಂಧ ಹೇಳಿ, ತೀರಿಕೊಂಡವರಿಗೆ ಒಂದು ಕ್ಷಣ ನಿಂತು. ಎಪ್ಪತ್ತನೆಯ ಹೆಸರಿಗೆ ಅನ್ವರ್ ಗಡಿಯಾರ ನೋಡಿದ. ನೂರ ಹತ್ತಕ್ಕೆ ಬೆಂಚಿನ ಬಲತುದಿಯಲ್ಲಿ ಕೂತುಬಿಟ್ಟ. ನೂರ ಅರವತ್ತಮೂರನೆಯ ಹೆಸರು, ಹೋದ ತಿಂಗಳು ಹುಟ್ಟಿದ ಒಂದು ಮಗು, ಓದಿ ಮುಗಿಸುವಷ್ಟರಲ್ಲಿ ಮಸೀದಿಯ ಕಡೆಯಿಂದ ಆಜಾನ್ ಕೇಳಿಸಿತು.

"ಒಂದೂ ತಪ್ಪಿಲ್ಲ," ಎಂದರು ಗಣಪಯ್ಯನವರು. ಆಮೇಲೆ ಕೊನೆಯ ಪುಟದ ತಳಕ್ಕೆ ಕಣ್ಣು ಹೋಯಿತು. ಯಾವಾಗಲೂ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇರುತ್ತಿದ್ದ ಪ್ರೆಸ್ಸಿನ ಹೆಸರು ಇವತ್ತು ದೂರದಿಂದಲೂ ಓದುವಂತಿತ್ತು. "ಇದೆಂತ ಮಾರಾಯ್ತಿ?"

ಅನ್ವರ್ ಬಾಗಿ ಓದಿದ. ಮುದ್ರಣ: ಆಮಿನಾ ಡಿಟಿಪಿ, ಅದೇ ಅಂಗಡಿ, ಅದೇ ಜಾಗ, ಕೊಪ್ಪ.

"ಎಷ್ಟು ಕಾಗದ ಹೊಡೆಸ್ತೀರಿ ಗಣಪಯ್ಯನೋರೇ?" ಎಂದು ಆಮಿನಕ್ಕ ಕೇಳಿದಳು, ಅಣ್ಣನ ಕಡೆ ನೋಡದೆ.

"ಎಂಟು ನೂರು. ಸಿರಿಮನೆಯಿಂದ ಸೀತೂರಿನವರೆಗೆ ಎಲ್ಲ ಮನೆಗೂ. ಅನ್ವರ್ ಸಾಹೇಬರಿಗೂ ಒಂದು."

ಅನ್ವರ್ ಟೋಪಿ ಸರಿಮಾಡಿಕೊಂಡು ಎದ್ದ. ನಮಾಜಿಗೆ ಹೊರಟವನು ಚಪ್ಪಡಿಯ ಮೇಲೆ ನಿಂತು, "ಈ ಕಲ್ಲು ಅಲ್ಲಾಡ್ತದೆ. ಸಂಜೆ ಸಿಮೆಂಟ್ ಹಾಕಿಸ್ತೀನಿ," ಎಂದಷ್ಟೇ ಹೇಳಿದ.

"ಸಂಜೆ ಬರುವಾಗ ಡ್ರಿಲ್ಲು ತನ್ನಿ ಭಾಯಿ."

"ಯಾಕೆ?"

ಆಮಿನಕ್ಕ ಹೊರಗುಳಿದ ಹಳೆಯ ಅರ್ಧ ಜಿಬಿಯ ಪಟ್ಟಿಯನ್ನು ಎತ್ತಿ ತೋರಿಸಿದಳು. "ಇದರ ತುದೀಲಿ ಒಂದು ತೂತು ಬೇಕು."

ಆ ಸಂಜೆ ಅನ್ವರ್ ಹಲ್ಲು ಕಚ್ಚಿಕೊಂಡು, ತನ್ನದೇ ಡ್ರಿಲ್ಲಿನಿಂದ, ಅಂದವಾದ ಒಂದು ತೂತು ಹಾಕಿಕೊಟ್ಟ. ಆಮಿನಕ್ಕ ಕೀಲಿಯ ಕೆಂಪು ದಾರ ಬಿಚ್ಚಿ ಎಸೆದಳು. ಈಗ ಆ ಎಂಟಡಿಯ ಕೀಲಿ ಒಂದು ಗೇಣು ಉದ್ದದ ಹಸಿರು ಪಟ್ಟಿಗೆ ನೇತಾಡುತ್ತದೆ, ಚಿನ್ನದ ಹಲ್ಲು ತೋರಿಸಿಕೊಂಡು. ಯಾರ ಜೇಬಿಗೂ ಅದು ಹಿಡಿಸುವುದಿಲ್ಲ.